ಉಳಿದ ಅನ್ನದ ಲೆಕ್ಕ: ನಿಮ್ಮ ಮೆಸ್ಸಿನಲ್ಲೇ ಒಂದು ತಿಂಗಳ ಸಣ್ಣ ಅಧ್ಯಯನ ಮಾಡುವ ಬಗೆ

ಮಧ್ಯಾಹ್ನದ ಅನ್ನ ಉಳಿದರೆ ಸಂಜೆಗೆ ಚಿತ್ರಾನ್ನ. ಬೆಳಗಿನ ಇಡ್ಲಿ ಉಳಿದರೆ ಇಡ್ಲಿ ಉಪ್ಪಿಟ್ಟು. ಮೆಸ್ ನಡೆಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಅಮ್ಮ ಮಾಡಿದ್ದನ್ನೇ ದೊಡ್ಡ ಪಾತ್ರೆಯಲ್ಲಿ ಮಾಡುವುದು ಅಷ್ಟೇ ಅಂದುಕೊಂಡಿರುತ್ತೇವೆ. ತುಮಕೂರಿನಲ್ಲಿ ಕಾಲೇಜೊಂದರ ಪಕ್ಕ ಎಂಟು ವರ್ಷ ಮೆಸ್ ನಡೆಸಿದ ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಮಾರ್ಚ್ ತಿಂಗಳ ರಾತ್ರಿ ಹನ್ನೊಂದರ ಹೊತ್ತಿಗೆ ಫೋನ್ ಬಂತು. ಎಂಟು ಗಂಟೆಗೆ ನಮ್ಮಲ್ಲಿ ಚಿತ್ರಾನ್ನ ತಿಂದು ಹೋದ ನಾಲ್ಕು ಹುಡುಗರಿಗೆ ವಾಂತಿ. ಬೆಳಗಾಗುವಷ್ಟರಲ್ಲಿ ಎಲ್ಲರೂ ಸುಧಾರಿಸಿಕೊಂಡರು, ಪುಣ್ಯಕ್ಕೆ ದೊಡ್ಡದೇನೂ ಆಗಲಿಲ್ಲ. ಆದರೆ ಅನ್ನ ಹಳಸಿರಲಿಲ್ಲ, ವಾಸನೆ ಬಂದಿರಲಿಲ್ಲ, ನಾನೇ ರುಚಿ ನೋಡಿದ್ದೆ. ಮತ್ತೆ ಹೇಗೆ?

ಆಮೇಲೆ ಓದಿ, ಕೇಳಿ ತಿಳಿದದ್ದು ಇದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇರಬಹುದು. ಹೆಸರಿಗೆ ತಕ್ಕ ಹಾಗೇ ಇದೆ. ಅದರ ಬೀಜಾಣುಗಳು ಕುದಿಯುವ ನೀರಿನಲ್ಲೂ ಬದುಕಿಕೊಳ್ಳುತ್ತವೆ. ಅನ್ನ ಬೆಂದು, ಮುಚ್ಚಿದ ಕೊಳಗದಲ್ಲಿ ಬೆಚ್ಚಗೆ ಕೂತಿದ್ದಾಗ ಎದ್ದು ಬೆಳೆಯುತ್ತವೆ, ಬೆಳೆಯುತ್ತಾ ಒಂದು ವಿಷ ಬಿಡುತ್ತವೆ. ಆ ವಿಷ ಒಗ್ಗರಣೆಯಲ್ಲಿ ಎಷ್ಟು ಹೊತ್ತು ಹುರಿದರೂ ಹೋಗುವುದಿಲ್ಲ. ಹಾಗಾದರೆ ಎಡವಟ್ಟಾದದ್ದು ಮಧ್ಯಾಹ್ನ ಒಂದರಿಂದ ಸಂಜೆ ಏಳರವರೆಗೆ ಅನ್ನ ಕೂತಿದ್ದ ಮೂಲೆಯಲ್ಲಿ. ಇನ್ನೂ ಹಿಂದೆ ಹೋದರೆ, ಬೆಳಿಗ್ಗೆ ಎಷ್ಟು ಅಕ್ಕಿ ಹಾಕಬೇಕು ಅಂತ ನಾನು ಭಟ್ಟರಿಗೆ ಹೇಳಿದ ಹೊತ್ತಿನಲ್ಲಿ. ಅವತ್ತು ಪರೀಕ್ಷೆ ಮುಗಿದು ಅರ್ಧ ಹುಡುಗರು ಊರಿಗೆ ಹೊರಟುಹೋಗಿದ್ದರು, ನಾನು ಮಾಮೂಲಿನಂತೆ 20 ಕೆಜಿ ಹಾಕಿಸಿದ್ದೆ.

ಅಡುಗೆಮನೆಯ ಸುರಕ್ಷತೆ ಭಟ್ಟರ ತಲೆನೋವು, ಜನ ಏನು ತಿನ್ನುತ್ತಾರೆ ಅನ್ನುವುದು ಅವರಿಷ್ಟ, ತೀರ್ಮಾನ ಗಲ್ಲಾದಲ್ಲಿ ಕೂತ ನನ್ನದು. ಹೀಗೆ ಮೂರನ್ನೂ ಬೇರೆ ಬೇರೆ ಇಟ್ಟಿದ್ದೆ. ಮೂರೂ ಒಂದೇ ಕೊಳಗದಲ್ಲಿ ಕೂತಿದ್ದವು. ಯಾರು ಎಷ್ಟು ತಿನ್ನುತ್ತಾರೆ ಅಂತ ಗೊತ್ತಿಲ್ಲದಿದ್ದರೆ ಜಾಸ್ತಿ ಮಾಡುತ್ತೇವೆ, ಜಾಸ್ತಿ ಮಾಡಿದ್ದು ಉಳಿಯುತ್ತದೆ, ಉಳಿದದ್ದು ಎಸೆಯಲು ಮನಸ್ಸು ಬರುವುದಿಲ್ಲ. ಇದನ್ನು ಅಳೆಯಲು ಲ್ಯಾಬ್ ಬೇಡ, ಕನ್ಸಲ್ಟೆಂಟ್ ಬೇಡ. ಒಂದು ತಿಂಗಳು ಸಾಕು. ಮೆಸ್, ಸಣ್ಣ ದರ್ಶಿನಿ, ಪಿಜಿ ಅಡುಗೆಮನೆ, ಕೇಟರಿಂಗ್ ಯಾವುದಾದರೂ ಸರಿ.

ಮೊದಲು ಐದು ಪದಾರ್ಥ ಆರಿಸಿಕೊಳ್ಳಿ

ಮೆನುವಿನಲ್ಲಿರುವ ಎಲ್ಲವನ್ನೂ ಅಳೆಯಲು ಹೋಗಬೇಡಿ, ಮೂರನೇ ದಿನ ಕೈಬಿಡುತ್ತೀರಿ. ಐದು ಸಾಕು. ಯಾವ ಐದು? ಈ ಮೂರು ಪ್ರಶ್ನೆ ಕೇಳಿ: ಇದು ಬೆಂದ ಮೇಲೆ ಹೊತ್ತುಗಟ್ಟಲೆ ಕೂರುತ್ತದಾ? ಇದನ್ನು ಬೇಯಿಸದೆ ಹಾಗೇ ಬಡಿಸುತ್ತೇವಾ? ಇದಕ್ಕೆ ಕೈ ಜಾಸ್ತಿ ತಾಗುತ್ತದಾ?

ಇಡ್ಲಿಗೆ ಜನ ಸುಮ್ನೆ ಹೆದರುತ್ತಾರೆ. ಹುಳಿ ಬಂದ ಹಿಟ್ಟು, ಹಬೆಯಲ್ಲಿ ಬೇಯುತ್ತದೆ, ಬಿಸಿಬಿಸಿ ಹೋಗುತ್ತದೆ, ಅದು ಸುರಕ್ಷಿತ ತಿಂಡಿಗಳಲ್ಲೊಂದು. ಪಕ್ಕದಲ್ಲಿರುವ ಕಾಯಿ ಚಟ್ನಿಯನ್ನು ನೋಡಿ. ಹಸಿ ತೆಂಗಿನಕಾಯಿ, ಹುರಿಗಡಲೆ, ನಲ್ಲಿ ನೀರು, ಗ್ರೈಂಡರಿನಿಂದ ಕೈಯಲ್ಲಿ ಬಳಿದು ತೆಗೆದದ್ದು. ಒಗ್ಗರಣೆ ಬಿಟ್ಟರೆ ಬೆಂಕಿಯನ್ನೇ ಕಾಣದ್ದು. ಬೆಳಿಗ್ಗೆ ಆರಕ್ಕೆ ರುಬ್ಬಿದ್ದು ಹನ್ನೊಂದರವರೆಗೂ ಅದೇ ಬಕೆಟ್ಟಿನಲ್ಲಿ ಇರುತ್ತದೆ. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಚಟ್ನಿ. ಆಮೇಲೆ ಅನ್ನ, ಸಾಂಬಾರು, ಕೋಸಂಬರಿ, ಮೊಟ್ಟೆ ಸಾರು. ನಿಮ್ಮದು ಬೇರೆ ಇರಬಹುದು. ಮಾಂಸದ ಅಡುಗೆ ಮಾಡುವವರಾದರೆ ದೊಡ್ಡ ಪಾತ್ರೆಯ ಸಾರು ಖಂಡಿತ ಇರಲಿ, ಯಾಕೆಂದರೆ ನಿಧಾನ ತಣಿಯುವ ಮಾಂಸದ ಸಾರಿನಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನುವ ಇನ್ನೊಂದು ಜಾತಿ ಬಲು ಬೇಗ ಹೆಚ್ಚುತ್ತದೆ.

1960ರ ದಶಕದಲ್ಲಿ ಅಮೆರಿಕದ ನಾಸಾ ಗಗನಯಾತ್ರಿಗಳ ಊಟಕ್ಕೆ ಪಿಲ್ಸ್‌ಬರಿ ಕಂಪನಿಯವರು ಸೇರಿ ಕಟ್ಟಿದ ವಿಧಾನವೂ ಇದೇ. ಕೊನೆಯಲ್ಲಿ ಪೊಟ್ಟಣ ಒಡೆದು ಪರೀಕ್ಷೆ ಮಾಡುತ್ತಾ ಕೂತರೆ ಗಗನಯಾತ್ರಿಗೆ ಕೊಡಲು ಏನೂ ಉಳಿಯುವುದಿಲ್ಲ, ಅದಕ್ಕೇ ತಯಾರಿಯ ಯಾವ ಹಂತದಲ್ಲಿ ಕೆಡಬಹುದು ಅಂತ ಹುಡುಕಿ ಆ ಹಂತವನ್ನು ಕಾಯಬೇಕು ಅಂದರು. ಅದನ್ನೇ ಈಗ ಹ್ಯಾಸಪ್ ಅನ್ನುತ್ತಾರೆ. ಭಟ್ಟರು ಕೊನೆಯಲ್ಲಿ ಅಂಗೈಗೆ ಬಿಟ್ಟುಕೊಂಡು ರುಚಿ ನೋಡುವುದು ಉಪ್ಪಿಗೆ ಸರಿ, ವಿಷಕ್ಕಲ್ಲ.

ಸಾಮಾನು

ಉದ್ದ ಸೂಜಿಯ ಡಿಜಿಟಲ್ ಥರ್ಮಾಮೀಟರ್ ಒಂದು, ತೂಕದ ಯಂತ್ರ ಒಂದು, ಕಾಗದದ ಟೇಪು, ಮಾರ್ಕರ್, ದಪ್ಪ ನೋಟ್‌ಬುಕ್. ಪೆನ್ನನ್ನು ದಾರ ಕಟ್ಟಿ ನೋಟ್‌ಬುಕ್ಕಿಗೇ ನೇತುಹಾಕಿ, ಇಲ್ಲದಿದ್ದರೆ ಎರಡನೇ ದಿನ ಪೆನ್ನು ಇರುವುದಿಲ್ಲ. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಆ ಗನ್ ಇದಕ್ಕೆ ಬರುವುದಿಲ್ಲ. ಅಡುಗೆಗೆಂದೇ ಸಿಗುವ ಗನ್ ಕೂಡ ಮೇಲ್ಮೈ ಬಿಸಿಯನ್ನಷ್ಟೇ ಹೇಳುತ್ತದೆ, ನಮಗೆ ಬೇಕಾದದ್ದು ಕೊಳಗದ ಹೊಟ್ಟೆಯೊಳಗಿನ ಬಿಸಿ.

ಥರ್ಮಾಮೀಟರ್ ಸರಿ ಇದೆಯಾ ನೋಡಲು ಲೋಟದ ತುಂಬ ಐಸ್ ಪುಡಿ ಹಾಕಿ, ಸ್ವಲ್ಪ ನೀರು ಬಿಟ್ಟು, ಸೂಜಿ ಇಳಿಸಿ ಕಲಕಿ. ಸೊನ್ನೆ ಆಸುಪಾಸು ಬರಬೇಕು. ಕುದಿಯುವ ನೀರಿನಲ್ಲಿ ನೋಡುವುದಾದರೆ ಒಂದು ಮಾತು ನೆನಪಿಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಮಂಗಳೂರಿನಲ್ಲಿ 100. ನಾನು 97 ನೋಡಿ ಥರ್ಮಾಮೀಟರ್ ಕೆಟ್ಟಿದೆ ಅಂತ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಿದ್ದೆ.

ಮೊದಲ ವಾರ: ಏನನ್ನೂ ಬದಲಿಸಬೇಡಿ

ಇದು ಎಲ್ಲಕ್ಕಿಂತ ಕಷ್ಟದ ಹಂತ. ತಪ್ಪು ಕಣ್ಣಿಗೆ ಬಿದ್ದಾಗ ಸರಿಮಾಡದೆ ಇರುವುದು ಹೇಗೆ? ನಿಜವಾಗಿ ಅಪಾಯದ್ದು ಕಂಡರೆ ಎಸೆಯಿರಿ, ಅದರಲ್ಲಿ ಎರಡು ಮಾತಿಲ್ಲ, ಎಸೆದದ್ದನ್ನೂ ಬರೆಯಿರಿ. ಉಳಿದಂತೆ ಕೆಲಸ ಹೇಗೆ ನಡೆಯುತ್ತಿತ್ತೋ ಹಾಗೇ ನಡೆಯಲಿ. ಈಗಿನ ಸ್ಥಿತಿ ಏನು ಅಂತ ಗೊತ್ತಿಲ್ಲದಿದ್ದರೆ, ಮುಂದೆ ಮಾಡುವ ಬದಲಾವಣೆಯಿಂದ ಲಾಭವಾಯಿತಾ ಇಲ್ಲವಾ ಅಂತ ಹೇಳಲು ಆಗುವುದಿಲ್ಲ.

ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಪುಟ, ಪ್ರತಿ ಪದಾರ್ಥಕ್ಕೆ ಒಂದು ಸಾಲು. ಎಷ್ಟು ಮಾಡಿದ್ದು, ಒಲೆಯಿಂದ ಇಳಿಸಿದ್ದು ಎಷ್ಟು ಗಂಟೆಗೆ, ಆಗ ಬಿಸಿ ಎಷ್ಟು, ಆಮೇಲೆ ಗಂಟೆಗೊಮ್ಮೆ ಎಷ್ಟು, ಕೊನೆಗೆ ಎಷ್ಟು ಕೆಜಿ ಉಳಿಯಿತು. ಕೊನೆಯ ಕಲಂ ಬಹಳ ಮುಖ್ಯ: ಉಳಿದದ್ದು ಎಲ್ಲಿಗೆ ಹೋಯಿತು? ಫ್ರಿಜ್ಜಿಗೆ, ಸಂಜೆ ಅಡುಗೆಗೆ, ಕೆಲಸದವರ ಮನೆಗೆ, ಹಸುವಿಗೆ, ಕಸಕ್ಕೆ. ಈ ಕಲಮ್ಮಿನಲ್ಲಿ ಸುಳ್ಳು ಬರೆಯಬೇಕು ಅನಿಸುತ್ತದೆ. ನನಗೂ ಅನಿಸಿತ್ತು.

ನಮ್ಮ ಭಟ್ಟರಿಗೆ ಸಿಟ್ಟೇ ಬಂತು. "ಮೂವತ್ತು ವರ್ಷದಿಂದ ಸೌಟು ಹಿಡಿದಿದೀನಿ ಸ್ವಾಮಿ, ಈಗ ಸೂಜಿ ಚುಚ್ಚಿ ನನ್ನ ಅಡುಗೆ ನೋಡ್ತೀರಾ?" ಅಂದರು. "ಇದು ನಿಮ್ಮ ಪರೀಕ್ಷೆ ಅಲ್ಲ ಭಟ್ರೇ, ನಾನು ಹಾಕ್ಸೋ ಅಕ್ಕಿ ಲೆಕ್ಕದ ಪರೀಕ್ಷೆ" ಅಂದೆ. ಅರ್ಧ ನಿಜ, ಆದರೆ ಕೆಲಸ ಮಾಡಿತು. ಅಳತೆಯನ್ನು ಅವರ ಕೈಗೇ ಕೊಡಿ, ನೀವು ಮೇಲೆ ನಿಂತು ನೋಡಬೇಡಿ. ಮೊದಲ ವಾರದ ಯಾವ ಅಂಕಿಗೂ ಯಾರನ್ನೂ ಬೈಯುವುದಿಲ್ಲ ಅಂತ ಮೊದಲೇ ಮಾತು ಕೊಡಿ. ಒಮ್ಮೆ ಬೈದಿರೋ, ಮಾರನೇ ದಿನದಿಂದ ಎಲ್ಲಾ ಪಾತ್ರೆಯಲ್ಲೂ 65 ಡಿಗ್ರಿ ಇರುತ್ತದೆ, ನೋಟ್‌ಬುಕ್ಕಿನಲ್ಲಿ ಮಾತ್ರ.

ಯಾರೋ ನೋಡುತ್ತಿದ್ದಾರೆ ಅಂದರೆ ಮನುಷ್ಯ ಬದಲಾಗುತ್ತಾನೆ. ಶಿಕಾಗೋ ಹತ್ತಿರದ ಹಾಥಾರ್ನ್ ಅನ್ನುವ ಕಾರ್ಖಾನೆಯಲ್ಲಿ 1920ರ ದಶಕದಿಂದ ನಡೆದ ಪ್ರಯೋಗಗಳ ನೆನಪಿಗೆ ಇದಕ್ಕೆ ಹಾಥಾರ್ನ್ ಪರಿಣಾಮ ಅಂತಲೇ ಹೆಸರಿದೆ. ನಮ್ಮ ಕ್ಲೀನರ್ ಹುಡುಗ ಮೊದಲ ಎರಡು ದಿನ ಎಷ್ಟು ಸಲ ಕೈ ತೊಳೆದ ಅಂದರೆ ಸೋಪು ಖಾಲಿ. ಅದಕ್ಕೆ ಮೊದಲ ಮೂರು ದಿನದ ಅಂಕಿ ಲೆಕ್ಕಕ್ಕೆ ಹಿಡಿಯಬೇಡಿ. ಅಭ್ಯಾಸವಾದ ಮೇಲಿನದ್ದೇ ನಿಜದ ಹತ್ತಿರದ್ದು.

ಎರಡನೇ ವಾರ: ಗಿರಾಕಿ ತಟ್ಟೆಯನ್ನು ನೋಡಿ, ಬಾಯಿಯನ್ನು ಆಮೇಲೆ ಕೇಳಿ

ಎಂಜಲು ತಟ್ಟೆ ಇಡುವ ಜಾಗದಲ್ಲಿ ಮೂರು ಬಕೆಟ್ ಇಡಿ. ಒಂದಕ್ಕೆ ಅನ್ನ, ಒಂದಕ್ಕೆ ಪಲ್ಯ ಕೋಸಂಬರಿ, ಒಂದಕ್ಕೆ ಸಾಂಬಾರು ಸಾರು. ತಟ್ಟೆ ಬಳಿಯುವಾಗ ಬೇರೆ ಬೇರೆ ಹಾಕಲಿ. ಊಟ ಮುಗಿದ ಮೇಲೆ ತೂಗಿ, ಎಷ್ಟು ತಟ್ಟೆ ಹೋಯಿತೋ ಅದರಿಂದ ಭಾಗಿಸಿ. ಒಂದು ತಟ್ಟೆಗೆ ಎಷ್ಟು ಗ್ರಾಂ ಕಸ ಅಂತ ಸಿಗುತ್ತದೆ. ಬಾಳೆಎಲೆ ಊಟವಾದರೆ ಸ್ವಲ್ಪ ರಗಳೆ, ಆದರೂ ಮಾಡಬಹುದು.

ನನಗೆ ಸಿಕ್ಕಿದ್ದು ಆಶ್ಚರ್ಯದ್ದಾಗಿತ್ತು. ಹುಡುಗರಿಗೆ ಪಲ್ಯ ಸೇರುವುದಿಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೆವು, ಪಲ್ಯ ಬಕೆಟ್ಟು ಖಾಲಿ. ತುಂಬುತ್ತಿದ್ದದ್ದು ಅನ್ನದ ಬಕೆಟ್ಟು. ಯಾಕಪ್ಪಾ ಅಂತ ಎರಡು ದಿನ ಮೂಲೆಯಲ್ಲಿ ಕೂತು ನೋಡಿದೆ. ಸಪ್ಲೈಯರ್ ಮೊದಲ ಸಲವೇ ಎರಡು ಸೌಟು ಅನ್ನ ಸುರಿಯುತ್ತಿದ್ದ, ಮತ್ತೆ ಬರುವ ಓಡಾಟ ತಪ್ಪಲಿ ಅಂತ. ಜಾಸ್ತಿ ಜನ ಇದ್ದಾಗ ಅವನು ಮಾಡುವುದೂ ತಪ್ಪಲ್ಲ, ಪಾಪ. ಮುದ್ದೆ ಇದ್ದ ದಿನ ಅನ್ನ ಇನ್ನೂ ಜಾಸ್ತಿ ಉಳಿಯುತ್ತಿತ್ತು. ಯಾರಿಗಾದರೂ ಗೊತ್ತಿರಬೇಕಾದ ವಿಷಯ, ನನಗೆ ಎಂಟು ವರ್ಷದಲ್ಲಿ ಹೊಳೆದಿರಲಿಲ್ಲ.

ಇದರ ಜತೆಗೆ ಗೋಡೆಗೆ ಒಂದು ಪಂಚಾಂಗದ ಕ್ಯಾಲೆಂಡರ್ ನೇತುಹಾಕಿ. ನಮ್ಮ ಜನರ ಊಟ ವಾರಕ್ಕೆ, ತಿಥಿಗೆ, ಸಂಬಳದ ದಿನಕ್ಕೆ ಕಟ್ಟಿಕೊಂಡಿದೆ. ಸೋಮವಾರ, ಶನಿವಾರ ಮೊಟ್ಟೆ ಸಾರು ಮುಟ್ಟದವರು ಬಹಳ. ಶ್ರಾವಣದಲ್ಲಿ ಮಾಂಸದ ವ್ಯಾಪಾರ ಇಳಿಯುತ್ತದೆ. ಏಕಾದಶಿ, ಸಂಕಷ್ಟಿ ದಿನ ಅವಲಕ್ಕಿ, ಉಪ್ಪಿಟ್ಟು ಕೇಳುವವರು ಇರುತ್ತಾರೆ. ಶುಕ್ರವಾರ ಸಂಜೆ ಹುಡುಗರು ಊರಿನ ಬಸ್ಸು ಹತ್ತುತ್ತಾರೆ. ತಿಂಗಳ ಕೊನೆಯಲ್ಲಿ ಊಟ ಬಿಟ್ಟು ಬರೀ ತಿಂಡಿಯಲ್ಲಿ ಮುಗಿಸುತ್ತಾರೆ. ಇವೆಲ್ಲ ಗೊತ್ತಿದ್ದದ್ದೇ ಅಲ್ವಾ ಅನ್ನಬೇಡಿ. ಗೊತ್ತಿರುವುದು ಬೇರೆ, ಮಂಗಳವಾರ ರಾತ್ರಿಯೇ ಬುಧವಾರದ ಅಕ್ಕಿ ಕಮ್ಮಿ ಮಾಡುವುದು ಬೇರೆ.

ಈಗ ಕೇಳುವ ವಿಷಯ. ಬಿಲ್ಲಿನ ಜತೆ ಕೊಡುವ ಫೀಡ್‌ಬ್ಯಾಕ್ ಕಾಗದ ದಂಡ. "ನಿಮಗೆ ಶುಚಿತ್ವ ಮುಖ್ಯವೇ?" ಅಂತ ಕೇಳಿದರೆ ಯಾರು ತಾನೇ ಇಲ್ಲ ಅಂತಾರೆ? ಜನ ಒಳ್ಳೆಯವರಾಗಿ ಕಾಣುವ ಉತ್ತರ ಕೊಡುತ್ತಾರೆ, ಅದು ಸುಳ್ಳು ಹೇಳುವ ಉದ್ದೇಶದಿಂದಲ್ಲ. ನಡೆದದ್ದನ್ನು ಕೇಳಿ. ನಿನ್ನೆ ರಾತ್ರಿ ಎಲ್ಲಿ ಊಟ ಮಾಡಿದ್ರಿ? ಅಲ್ಲಿಗೇ ಯಾಕೆ? ಕೊನೆಯ ಸಲ ಊಟ ಅರ್ಧಕ್ಕೆ ಬಿಟ್ಟಿದ್ದು ಯಾವಾಗ? ಪಾರ್ಸಲ್ ತಗೊಂಡು ಹೋಗಿದ್ದನ್ನ ಎಷ್ಟು ಹೊತ್ತಿಗೆ ತಿಂದ್ರಿ? ಈ ಕೊನೆಯ ಪ್ರಶ್ನೆ ತಪ್ಪದೆ ಕೇಳಿ. ಮಧ್ಯಾಹ್ನ ಎರಡಕ್ಕೆ ಕಟ್ಟಿಸಿಕೊಂಡ ಚಟ್ನಿ ಪೊಟ್ಟಣ ರೂಮಿನ ಕಿಟಕಿ ಪಕ್ಕ ಕೂತಿದ್ದು ರಾತ್ರಿ ಒಂಬತ್ತಕ್ಕೆ ಹೊಟ್ಟೆ ಸೇರುತ್ತದೆ ಅಂತ ನನಗೆ ಗೊತ್ತಾಗಿದ್ದು ಹೀಗೆ. ಆಮೇಲಿಂದ ಎರಡು ಗಂಟೆಯ ಪಾರ್ಸಲ್ಲಿಗೆ ಕಾಯಿ ಚಟ್ನಿ ಬದಲು ಚಟ್ನಿಪುಡಿ ಹಾಕಿದೆವು. ಇಬ್ಬರು ಗೊಣಗಿದರು.

ಇನ್ನೊಂದು ಗುಂಪನ್ನು ಬಿಡಬೇಡಿ: ಬರುವುದನ್ನು ನಿಲ್ಲಿಸಿದವರು. ಎದುರಿಗೆ ಕೂತು ಉಣ್ಣುವವರು ನಿಮ್ಮನ್ನು ಮೆಚ್ಚಿದವರೇ. ದಾರಿಯಲ್ಲಿ ಸಿಕ್ಕ ಹಳೆ ಗಿರಾಕಿಗೆ ಒಂದು ಕಾಫಿ ಕುಡಿಸಿ ಕೇಳಿ, ಹತ್ತು ಫಾರ್ಮಿಗಿಂತ ಜಾಸ್ತಿ ಸಿಗುತ್ತದೆ. ನನಗೆ ಒಬ್ಬ ಹೇಳಿದ್ದು, "ಅಣ್ಣಾ, ಊಟ ಚೆನ್ನಾಗೇ ಇತ್ತು, ನೀರಿನ ಜಗ್ಗಿನೊಳಗೆ ಸಪ್ಲೈಯರ್ ಬೆರಳು ಮುಳುಗ್ತಿತ್ತು."

ಜನ ಕಣ್ಣಿಂದ ತಿನ್ನುತ್ತಾರೆ, ಅದಕ್ಕೂ ಲೆಕ್ಕ ಇದೆ. ಕೆಂಪು ಕೆಂಪಾದ ಗೋಬಿ ಮಂಚೂರಿ ಇಷ್ಟು ವರ್ಷ ಯಾಕೆ ನಡೆಯಿತು? ಕೆಂಪಿಲ್ಲದಿದ್ದರೆ ಗಿರಾಕಿ ಪಕ್ಕದ ಗಾಡಿಗೆ ಹೋಗುತ್ತಾನೆ ಅಂತ ಎಲ್ಲರೂ ಹೆದರಿದ್ದರು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಅನ್ನುವ ಬಣ್ಣ ಹಾಕುವುದನ್ನೂ. ಆಗ ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕಿತ್ತು. ನಿಮ್ಮಲ್ಲಿ ಕೆಂಪು ಬೇಕೇ ಬೇಕು ಅಂದರೆ ಬ್ಯಾಡಗಿ ಮೆಣಸಿನಕಾಯಿ ಇದೆ, ಖಾರ ಕಮ್ಮಿ, ಬಣ್ಣ ಜಾಸ್ತಿ. ದುಬಾರಿ, ನಿಜ. ಎರಡು ವಾರ ಹಾಕಿ, ಪ್ಲೇಟುಗಳ ಸಂಖ್ಯೆ ಬರೆದು ನೋಡಿ. ಹೆದರಿಕೆಯಿಂದ ಮಾಡಿದ ತೀರ್ಮಾನಕ್ಕೂ ಎಣಿಸಿ ಮಾಡಿದ ತೀರ್ಮಾನಕ್ಕೂ ಇರುವ ಫರಕು ಅಲ್ಲೇ ಗೊತ್ತಾಗುತ್ತದೆ.

ಅಂಕಿಗಳನ್ನು ಓದುವುದು

ಒಂದು ಭಾನುವಾರ ಮಧ್ಯಾಹ್ನ ನೋಟ್‌ಬುಕ್ ತೆರೆದು ಕೂರಿ. ನೆನಪಿಡಬೇಕಾದ ಗೆರೆ ಎರಡೇ: 60 ಡಿಗ್ರಿ ಮತ್ತು 5 ಡಿಗ್ರಿ. ಬಿಸಿ ಇಡುವುದಾದರೆ 60ಕ್ಕಿಂತ ಮೇಲೆ, ತಣ್ಣಗೆ ಇಡುವುದಾದರೆ 5ಕ್ಕಿಂತ ಕೆಳಗೆ. ನಡುವಿನದ್ದು ಬ್ಯಾಕ್ಟೀರಿಯಾದ ಊರು. ಪ್ರತಿ ಪದಾರ್ಥ ಆ ಊರಿನಲ್ಲಿ ಎಷ್ಟು ಗಂಟೆ ಇತ್ತು ಅಂತ ಕೆಂಪು ಪೆನ್ನಿನಲ್ಲಿ ಬರೆಯಿರಿ. ಆಸ್ಟ್ರೇಲಿಯಾದಲ್ಲಿ ಬಳಸುವ ಒಂದು ಸರಳ ನಿಯಮ ನನಗೆ ಹಿಡಿಸಿತು. ಒಟ್ಟು ಎರಡು ಗಂಟೆಯೊಳಗೆ ಇದ್ದರೆ ಬಳಸಬಹುದು ಇಲ್ಲವೇ ಫ್ರಿಜ್ಜಿಗೆ ಇಡಬಹುದು. ಎರಡರಿಂದ ನಾಲ್ಕು ಗಂಟೆ ಆಗಿದ್ದರೆ ಈಗಲೇ ತಿಂದು ಮುಗಿಸಬೇಕು, ಮತ್ತೆ ಎತ್ತಿಡುವ ಹಾಗಿಲ್ಲ. ನಾಲ್ಕು ದಾಟಿದರೆ ಎಸೆಯಬೇಕು. ನಮ್ಮ ಚಟ್ನಿ ಐದು ಗಂಟೆ ಇತ್ತು. ಚಿತ್ರಾನ್ನದ ಅನ್ನ ಆರೂವರೆ ಗಂಟೆ.

ಸರಾಸರಿ ತೆಗೆದು ಸಮಾಧಾನ ಮಾಡಿಕೊಳ್ಳಬೇಡಿ. ಆರು ದಿನ ಸರಿ ಇದ್ದು ಒಂದು ದಿನ ಕೆಟ್ಟರೆ ಸರಾಸರಿ ಚೆನ್ನಾಗೇ ಕಾಣುತ್ತದೆ, ಹೊಟ್ಟೆ ಕೆಡುವುದು ಮಾತ್ರ ಆ ಒಂದು ದಿನದವರಿಗೆ. ತೀರ ಕೆಟ್ಟ ದಿನವನ್ನು ಹುಡುಕಿ, ಅವತ್ತು ಏನಾಗಿತ್ತು ಕೇಳಿ. ಕರೆಂಟ್ ಹೋಗಿತ್ತಾ? ಕ್ಲೀನರ್ ರಜೆ ಇದ್ದನಾ? ಟ್ಯಾಂಕರ್ ನೀರು ಹಾಕಿಸಿದ್ದಿರಾ? ನಮ್ಮಲ್ಲಿ ಅನ್ನ ಜಾಸ್ತಿ ಉಳಿದ ದಿನವೂ ಹೊತ್ತು ಮೀರಿ ಕೂತ ದಿನವೂ ಒಂದೇ ಆಗಿದ್ದವು: ಶುಕ್ರವಾರ. ಇಷ್ಟು ಕಂಡ ಮೇಲೆ ಕೆಲಸ ಅರ್ಧ ಮುಗಿದ ಹಾಗೆ.

ತೀರ್ಮಾನಗಳು, ಅಗ್ಗದ್ದರಿಂದ ಶುರು

ಒಂದು ವಾರಕ್ಕೆ ಒಂದೇ ಬದಲಾವಣೆ. ಎಲ್ಲಾ ಒಟ್ಟಿಗೆ ಮಾಡಿದರೆ ಯಾವುದರಿಂದ ಲಾಭವಾಯಿತು ಅಂತ ತಿಳಿಯದು. ಹೋಲಿಸುವಾಗ ಆಷಾಢದ ವಾರವನ್ನು ಶ್ರಾವಣದ ಜತೆ, ಪರೀಕ್ಷೆ ವಾರವನ್ನು ರಜೆ ವಾರದ ಜತೆ ಹೋಲಿಸಬೇಡಿ.

ನಮ್ಮ ಮೊದಲ ಬದಲಾವಣೆಗೆ ಪೈಸೆ ಖರ್ಚಾಗಲಿಲ್ಲ. ಮೊದಲ ಸಲ ಬಡಿಸುವಾಗ ಒಂದೇ ಸೌಟು, ಆಮೇಲೆ ಕೇಳಿದಷ್ಟು. ಶುಕ್ರವಾರ ಅಕ್ಕಿ 20 ಕೆಜಿ ಬದಲು 14. ಒಂದೇ ಸಲ ಬೇಯಿಸದೆ ಎರಡು ಸಲ: ಹನ್ನೆರಡೂವರೆಗೆ ಹತ್ತು ಕೆಜಿ, ಒಂದೂಕಾಲಿಗೆ ಜನ ನೋಡಿಕೊಂಡು ಉಳಿದದ್ದು. ಭಟ್ಟರಿಗೆ ಕೆಲಸ ಜಾಸ್ತಿ, ಗ್ಯಾಸೂ ಸ್ವಲ್ಪ ಜಾಸ್ತಿ. ಎಸೆಯುವ ಅನ್ನದ ಬೆಲೆ ಎದುರಿಗೆ ಬರೆದು ತೋರಿಸಿದೆ, ಒಪ್ಪಿದರು.

ಎರಡನೆಯದು ಟೇಪು. ಚಟ್ನಿ ಮೂರು ಸಲ ರುಬ್ಬುವುದು, ಆರಕ್ಕೆ, ಎಂಟಕ್ಕೆ, ಹತ್ತಕ್ಕೆ, ಪ್ರತಿ ಪಾತ್ರೆಗೂ ಹೊತ್ತು ಬರೆದ ಟೇಪು. ಹಳೆಯದಕ್ಕೆ ಹೊಸದನ್ನು ಬೆರೆಸುವ ಹಾಗಿಲ್ಲ, ಪಾತ್ರೆಯೇ ಬದಲಾಗಬೇಕು. ಈ ಬೆರೆಸುವ ಅಭ್ಯಾಸ ಬಿಡಿಸುವುದಕ್ಕೆ ನನಗೆ ಒಂದು ತಿಂಗಳು ಹಿಡಿಯಿತು. ರುಬ್ಬುವ ನೀರು ಕುದಿಸಿ ಆರಿಸಿದ್ದೋ ಫಿಲ್ಟರಿನದ್ದೋ ಇರಲಿ.

ಉಳಿದದ್ದನ್ನು ಎತ್ತಿಡಲೇಬೇಕು ಅಂದರೆ ಕೊಳಗದಲ್ಲೇ ಬಿಡಬೇಡಿ. ಆಳವಾದ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬಿಸಿಯಾಗೇ ಇರುತ್ತದೆ, ಸೂಜಿ ಇಳಿಸಿ ನೋಡಿದರೆ ನಿಮಗೇ ಆಶ್ಚರ್ಯ. ಅಗಲವಾದ ಸ್ಟೀಲ್ ತಟ್ಟೆಗಳಿಗೆ ತೆಳ್ಳಗೆ ಹರಡಿ, ಕೆಳಗೆ ತಣ್ಣೀರು ಇಡಿ. ಎರಡು ಗಂಟೆಯಲ್ಲಿ 60ರಿಂದ 21ಕ್ಕೆ ಇಳಿಯಬೇಕು, ಇನ್ನು ನಾಲ್ಕು ಗಂಟೆಯಲ್ಲಿ 5ಕ್ಕೆ. ಮತ್ತೆ ಬಿಸಿ ಮಾಡುವಾಗ ನಡುಭಾಗ 75 ದಾಟಲಿ, ಒಂದೇ ಸಲ. ಸಂಜೆ ಚಿತ್ರಾನ್ನಕ್ಕೆ ನಾವು ಕೊನೆಗೆ ಆರೂವರೆಗೆ ಬೇರೆ ಅನ್ನ ಮಾಡಲು ಶುರುಮಾಡಿದೆವು, ಮೂರೇ ಕೆಜಿ. ಬಿಸಿ ಚಿತ್ರಾನ್ನ ಅಂತ ಬೋರ್ಡ್ ಹಾಕಿದೆವು, ಐದು ರೂಪಾಯಿ ಜಾಸ್ತಿ ಮಾಡಿದೆವು. ಮಾರಾಟ ಕಮ್ಮಿಯಾಗಲಿಲ್ಲ.

ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕುವುದನ್ನು 2025ರ ಆರಂಭದಲ್ಲಿ ಆರೋಗ್ಯ ಇಲಾಖೆ ಹಿಡಿದು ನಿಷೇಧಿಸಿತಲ್ಲ, ಆ ಹಾಳೆ ಹಾಕಿದ್ದೂ ಮೂಲದಲ್ಲಿ ಹೋಟೆಲ್ ನಡೆಸುವವರ ತೀರ್ಮಾನವೇ. ಬಟ್ಟೆ ಒಗೆಯಲು ಆಳು ಬೇಕು, ಆಳು ಇಲ್ಲ, ಹಾಳೆ ಬಂತು. ಒಗೆಯುವವರಿಗೆ ಸಂಬಳ ಇಡದೆ ಬಟ್ಟೆ ಹಾಕಿ ಅಂತ ಬೋರ್ಡ್ ಬರೆದರೆ ಏನೂ ಆಗುವುದಿಲ್ಲ. ಬಜ್ಜಿ ಎಣ್ಣೆಯೂ ಹೀಗೇ. ಕರಿದು ಕರಿದು ಎಣ್ಣೆ ಎಷ್ಟು ಕೆಟ್ಟಿದೆ ಅಂತ ಹೇಳುವ ಟಿಪಿಸಿ ಅನ್ನುವ ಅಳತೆ ಶೇ 25 ದಾಟಿದ ಎಣ್ಣೆ ಬಳಸಬಾರದು ಅಂತ 2018ರ ಜುಲೈಯಿಂದ ನಿಯಮ ಇದೆ. ಅಳೆಯುವ ಯಂತ್ರ ಎಲ್ಲರ ಹತ್ತಿರ ಇರುವುದಿಲ್ಲ. ಎಣ್ಣೆ ಕಪ್ಪಾಗಿ, ಅಂಟಂಟಾಗಿ, ನೊರೆ ಬಂದು, ಬೇಗ ಹೊಗೆಯಾಡಿದರೆ ಮುಗಿಯಿತು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ರುಕೋ ಯೋಜನೆಯಡಿ ಕರಿದ ಎಣ್ಣೆಯನ್ನು ಬಯೋಡೀಸೆಲ್ ಮಾಡುವವರು ಕೊಳ್ಳುತ್ತಾರೆ, ಚರಂಡಿಗೆ ಸುರಿಯಬೇಡಿ, ಬೀದಿಬದಿಯವರಿಗೆ ಅಗ್ಗಕ್ಕೆ ಮಾರಲೂಬೇಡಿ. ಪೇಪರಿನಲ್ಲಿ ಬಜ್ಜಿ ಕಟ್ಟುವುದನ್ನು ಬಿಡಿ ಅಂತ ಬೇರೆ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಎಲ್ಲಕ್ಕಿಂತ ದುಬಾರಿ ತೀರ್ಮಾನ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ರಜೆ. ಕೈಯಲ್ಲಿ ಕೀವಾದ ಗಾಯ ಇದ್ದವರು ಚಟ್ನಿ ಬಳಿದರೆ ಸ್ಟಫೈಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಅದರೊಳಗೆ ಸೇರುತ್ತದೆ. ಅದರ ವಿಷವೂ ಕುದಿಸಿದರೆ ಹೋಗುವಂಥದ್ದಲ್ಲ. ಭೇದಿ ಇದ್ದವರು ಅಡುಗೆಮನೆಗೆ ಬರಲೇಬಾರದು. ಆದರೆ ದಿನಗೂಲಿಯವರು ಭೇದಿ ಅಂತ ಹೇಳಿದರೆ ಕೂಲಿ ಹೋಗುತ್ತದೆ, ಹಾಗಾಗಿ ಹೇಳುವುದಿಲ್ಲ. ನಾನಾದರೂ ಹೇಳುತ್ತಿರಲಿಲ್ಲ. ಹೊಟ್ಟೆ ಕೆಟ್ಟರೆ ಎರಡು ದಿನ ಸಂಬಳದ ಸಮೇತ ರಜೆ ಅಂತ ಮಾಡಿದ ಮೇಲೆ ಮೊದಲ ತಿಂಗಳಲ್ಲಿ ಮೂವರು ಬಂದು ಹೇಳಿದರು. ಅದಕ್ಕೆ ಮುಂಚೆ ಎಂಟು ವರ್ಷದಲ್ಲಿ ಯಾರಿಗೂ ಹೊಟ್ಟೆಯೇ ಕೆಟ್ಟಿರಲಿಲ್ಲ ನೋಡಿ! ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ, ಟೈಫಾಯ್ಡ್‌ನಂಥವಕ್ಕೆ ಲಸಿಕೆ ಕಾನೂನಿನಲ್ಲೇ ಇದೆ, ಅದನ್ನು ಕಾಗದಕ್ಕೆ ಮಾತ್ರ ಮಾಡಿಸಬೇಡಿ.

ಮಾಡಿದ್ದು ಗಿರಾಕಿಗೆ ಕಾಣಲಿ. ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ನೋಡಿ ಬಂದು, ಪಾತ್ರೆ ಲೋಟಗಳನ್ನು ಹಬೆಯಲ್ಲಿ ಶುದ್ಧ ಮಾಡಿಸಿದರು, ಊಟಕ್ಕೆ ಬಂದವರು ಅಡುಗೆಮನೆ ನೋಡುವಂತೆ ಮಾಡಿದರು. ಜನ ನೋಡುತ್ತಾರೆ ಅಂದರೆ ಒಳಗಿನವರ ಕೈಯೂ ನೆಟ್ಟಗಿರುತ್ತದೆ. ಹಾಥಾರ್ನ್ ಪರಿಣಾಮವನ್ನು ನಮ್ಮ ಕಡೆ ತಿರುಗಿಸಿಕೊಂಡ ಹಾಗೆ. ನಾನು ಮಾಡಿದ್ದು ಅಷ್ಟೆಲ್ಲ ದೊಡ್ಡದಲ್ಲ, ಟೇಪು ಹಚ್ಚಿದ ಚಟ್ನಿ ಪಾತ್ರೆಯನ್ನು ಕೌಂಟರಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಹುಡುಗರು ಹೊತ್ತು ಓದಿ, "ಅಣ್ಣಾ ಎಂಟು ಗಂಟೆದು ಖಾಲಿಯಾಯ್ತಾ?" ಅಂತ ಕೇಳತೊಡಗಿದರು. ನನಗೆ ಬಿಟ್ಟಿ ಇನ್ಸ್‌ಪೆಕ್ಟರುಗಳು.

ಇಷ್ಟಾದರೂ ದೂರು ಬಂದರೆ

ಮೊದಲು ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೆ ಕಳಿಸಿ, ಹಲವರಿಗೆ ಆಗಿದ್ದರೆ ಆರೋಗ್ಯ ಇಲಾಖೆಗೆ ತಿಳಿಸಿ. ಮುಚ್ಚಿಟ್ಟರೆ ಬೆಳೆಯುತ್ತದೆ. ಆಮೇಲೆ ಒಂದು ಕಾಗದ ತಗೊಂಡು, ಊಟ ಮಾಡಿದ ಎಲ್ಲರನ್ನೂ ಕೇಳಿ, ಹುಷಾರಿದ್ದವರನ್ನೂ. ಇಲ್ಲೇ ಎಲ್ಲರೂ ಎಡವುವುದು, ಬರೀ ಕಾಯಿಲೆಯವರನ್ನು ಕೇಳಿದರೆ ಎಲ್ಲರೂ ಸಾಂಬಾರು ತಿಂದಿರುತ್ತಾರೆ, ಸಾಂಬಾರಿಗೆ ಕೆಟ್ಟ ಹೆಸರು ಬರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. 90 ಜನ ಊಟ ಮಾಡಿದರು, 19 ಜನಕ್ಕೆ ಹುಷಾರಿಲ್ಲ ಅನ್ನಿ. ಸಾಂಬಾರು ತಿಂದವರು 80, ಅವರಲ್ಲಿ 17 ಜನಕ್ಕೆ ಕೆಟ್ಟಿತು. ತಿನ್ನದವರು 10, ಅವರಲ್ಲೂ 2 ಜನಕ್ಕೆ. ಎರಡೂ ಕಡೆ ಐದರಲ್ಲೊಬ್ಬರು. ಹಾಗಾದರೆ ಸಾಂಬಾರು ಕಾರಣ ಅನ್ನಿಸುವುದಿಲ್ಲ. ಈಗ ಚಟ್ನಿ. ತಿಂದವರು 60, ಕೆಟ್ಟದ್ದು 18 ಜನಕ್ಕೆ. ತಿನ್ನದವರು 30, ಕೆಟ್ಟದ್ದು ಒಬ್ಬರಿಗೆ. ನೋಡಿದಿರಾ? ಸಾಂಬಾರು ತಿಂದ ಕಾಯಿಲೆಯವರು ಕೂಡ ಬಹುಪಾಲು ಚಟ್ನಿ ತಿಂದವರೇ. ರೋಗ ಹರಡಿದಾಗ ತನಿಖೆಗೆ ಬರುವವರು ಮಾಡುವ ಲೆಕ್ಕದ ಅಡಿಪಾಯವೂ ಇದೇ, ನೋಟ್‌ಬುಕ್ಕಿನ ಒಂದು ಪುಟ ಸಾಕು.

ಹೊತ್ತನ್ನೂ ಕೇಳಿ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ಮೊದಲೇ ತಯಾರಾಗಿದ್ದ ವಿಷದ ಮೇಲೆ ಅನುಮಾನ, ಅಂದರೆ ಕೂತ ಅನ್ನ ಅಥವಾ ಕೈ ತಾಗಿದ ಪದಾರ್ಥ. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಆದರೆ ಆರು ಗಂಟೆಯಿಂದ ಮೂರು ದಿನದವರೆಗೂ ಹಿಡಿಯಬಹುದು, ಅದು ಹಿಂದಿನ ದಿನ ಬೇರೆ ಕಡೆ ತಿಂದದ್ದೂ ಇರಬಹುದು. ಎಲ್ಲರೂ ಬೈಯುವುದು ಕೊನೆಗೆ ಊಟ ಮಾಡಿದ ಹೋಟೆಲನ್ನೇ.

ಈ ಲೆಕ್ಕ ಮಾಡಿದ ಮೇಲೆ ಪರೀಕ್ಷೆಗೆ ಕಳಿಸಲು ಊಟ ಉಳಿದಿರಬೇಕಲ್ಲ. ಅದಕ್ಕೇ ದಿನವೂ ಪ್ರತಿ ಪದಾರ್ಥದಿಂದ ಒಂದು ಸಣ್ಣ ಡಬ್ಬಿಯಷ್ಟು ತೆಗೆದು, ಬಿಸಿ ನೀರಲ್ಲಿ ತೊಳೆದ ಡಬ್ಬಿಗೆ ಹಾಕಿ, ದಿನಾಂಕ ಬರೆದು ಫ್ರಿಜ್ಜಿನಲ್ಲಿ ಮೂರು ದಿನ ಇಡಿ. ನಾಲ್ಕನೇ ದಿನ ಎಸೆದು, ತೊಳೆದು, ಹೊಸದು. ಶುರುವಿನಲ್ಲಿ ನಮ್ಮ ಕ್ಲೀನರ್ ಹುಡುಗ ರಾತ್ರಿ ಹಸಿವಾದಾಗ ಎರಡು ಸಲ ಅದನ್ನೇ ತಿಂದುಬಿಟ್ಟಿದ್ದ. ಆಮೇಲೆ ಡಬ್ಬಿಗಳಿಗೆ ಕೆಂಪು ಟೇಪು ಸುತ್ತಿದೆವು, ಅವನಿಗೆ ರಾತ್ರಿ ಎರಡು ಚಪಾತಿ ಬೇರೆ ಎತ್ತಿಡಲು ಭಟ್ಟರಿಗೆ ಹೇಳಿದೆವು.